ಬೀರುಗಳ ಬೀಗ ತೆಗೆದಿದ್ದೇವೆ, ಪುಸ್ತಕಗಳ ಜಾಗ ಬದಲಾಗಿದೆ

ಕಲಬುರಗಿ

ಪ್ರೀತಿಯ ಸದಸ್ಯರೇ,

ಎಲ್ಲರಿಗೂ ಶರಣು.

ಬರುವ ಸೋಮವಾರದಿಂದ ನಮ್ಮ ಸಹಕಾರಿ ಲೈಬ್ರರಿಯ ಬೀರುಗಳಿಗೆ ಬೀಗ ಇರುವುದಿಲ್ಲ. ಕೌಂಟರಿನ ಮುಂದೆ ನಿಂತು ಪುಸ್ತಕದ ಹೆಸರು ಹೇಳಿ, ನಮ್ಮ ಹುಡುಗರು ಒಳಗಿಂದ ತರುವವರೆಗೆ ಕಾಯಬೇಕಿಲ್ಲ. ನೀವೇ ಒಳಗೆ ಬನ್ನಿ. ರ‍್ಯಾಕಿನ ಮುಂದೆ ನಿಂತು, ಕೈಗೆತ್ತಿಕೊಂಡು, ನಾಲ್ಕು ಪುಟ ಓದಿ ನೋಡಿ. ಹಿಡಿಸಿದರೆ ಮನೆಗೆ ಒಯ್ಯಿರಿ. ಇದಕ್ಕಾಗಿ ಪುಸ್ತಕಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದೇವೆ. ಹಾಗಾಗಿ ನಿಮಗೆ ಗೊತ್ತಿದ್ದ ಪುಸ್ತಕ ಈಗ ಗೊತ್ತಿದ್ದ ಜಾಗದಲ್ಲಿ ಇರಲಿಕ್ಕಿಲ್ಲ. ಅದು ಎಲ್ಲಿ ಹೋಗಿದೆ, ಯಾಕೆ ಹೋಗಿದೆ ಅಂತ ಹೇಳುವುದಕ್ಕೆ ಈ ಪತ್ರ.

ಇಷ್ಟು ದಿನ ಪುಸ್ತಕಗಳು ಬಂದ ಕ್ರಮದಲ್ಲೇ ಬೀರು ಸೇರುತ್ತಿದ್ದವು. ರಿಜಿಸ್ಟರಿನಲ್ಲಿ ಯಾವ ನಂಬರೋ ಬೀರುವಿನಲ್ಲೂ ಅದೇ ನಂಬರು. ಬೀಗದ ಒಳಗಿನ ಲೈಬ್ರರಿಗೆ ಅದು ಸಾಕು. ತರುವವರಿಗೆ ನಂಬರ್ ಗೊತ್ತಿದ್ದರೆ ಆಯಿತು. ಆದರೆ ಆ ಕ್ರಮದಲ್ಲಿ ಒಂದು ಕಾದಂಬರಿಯ ಪಕ್ಕ ಹೈನುಗಾರಿಕೆ, ಅದರ ಪಕ್ಕ ರಾಷ್ಟ್ರಕೂಟರ ಇತಿಹಾಸ ಕೂತಿರುತ್ತದೆ. ಓದುಗರು ಸ್ವತಃ ಹುಡುಕುವಾಗ ಇದು ಏನೇನೂ ಪ್ರಯೋಜನಕ್ಕೆ ಬರುವುದಿಲ್ಲ. ನಿಮಗೆ ಬೇಕಾದ ವಿಷಯದ ಪುಸ್ತಕಗಳು ಒಂದೇ ಕಡೆ ಸಿಗಬೇಕು. ಕೇಳಿಕೊಂಡು ಬಂದ ಪುಸ್ತಕದ ಪಕ್ಕದಲ್ಲೇ, ಹೆಸರೂ ಕೇಳಿರದ ಇನ್ನೊಂದು ಒಳ್ಳೆಯ ಪುಸ್ತಕ ಕಣ್ಣಿಗೆ ಬೀಳಬೇಕು. ನಾವು ಇಷ್ಟು ಕೆಲಸ ಹಚ್ಚಿಕೊಂಡದ್ದು ಇದಕ್ಕೇ.

ಜೋಡಣೆಗೆ ಡ್ಯೂಯಿ ದಶಾಂಶ ವರ್ಗೀಕರಣ ಬಳಸಿದ್ದೇವೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಎಲ್ಲ ವಿಷಯಗಳನ್ನೂ ಹತ್ತು ದೊಡ್ಡ ವರ್ಗ ಮಾಡಿ 000ದಿಂದ 900ರವರೆಗೆ ಸಂಖ್ಯೆ ಕೊಡುತ್ತದೆ. ಕಂಪ್ಯೂಟರ್ ಮತ್ತು ಸಾಮಾನ್ಯ ವಿಷಯಗಳು 000. ತತ್ವಶಾಸ್ತ್ರ, ಮನಃಶಾಸ್ತ್ರ 100. ಧರ್ಮ 200, ಸಮಾಜ ವಿಜ್ಞಾನ 300, ಭಾಷೆ 400, ವಿಜ್ಞಾನ 500. ಬೇಸಾಯ, ವೈದ್ಯ, ಅಡುಗೆ, ಯಂತ್ರ ಎಲ್ಲ 600. ಕಲೆ, ಆಟ 700, ಸಾಹಿತ್ಯ 800, ಇತಿಹಾಸ ಮತ್ತು ಭೂಗೋಳ 900. ಪ್ರತಿ ವರ್ಗದೊಳಗೂ ಮತ್ತೆ ಹತ್ತು, ಅದರೊಳಗೂ ಹತ್ತು. ಅಂಕಿ ಹೆಚ್ಚಾದಷ್ಟೂ ವಿಷಯ ಸಣ್ಣದಾಗುತ್ತ ಹೋಗುತ್ತದೆ. ಇದನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಪ್ರತಿ ರ‍್ಯಾಕಿನ ತುದಿಗೂ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬೋರ್ಡ್ ಹಾಕಿದ್ದೇವೆ.

ಈ ಅಂಕಿಗಳು ಸುಮ್ನೆ ಕೊಟ್ಟವಲ್ಲ. ಭಾರತಕ್ಕೆ 54, ಅದರಲ್ಲಿ ಕರ್ನಾಟಕಕ್ಕೆ 5487. ಇತಿಹಾಸದ 9ಕ್ಕೆ ಅದನ್ನು ಜೋಡಿಸಿದರೆ ಕರ್ನಾಟಕದ ಇತಿಹಾಸ 954.87, ಪ್ರವಾಸದ 91ಕ್ಕೆ ಜೋಡಿಸಿದರೆ ಕರ್ನಾಟಕದ ಪ್ರವಾಸ 915.487. ಸಾಹಿತ್ಯದಲ್ಲೂ ಹೀಗೇ. ಮೊದಲು ಭಾಷೆಯ ಸಂಖ್ಯೆ, ಕೊನೆಗೆ ಪ್ರಕಾರದ ಅಂಕಿ. ಕವಿತೆಗೆ 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3, ಪ್ರಬಂಧಕ್ಕೆ 4. ಕನ್ನಡ 894.814 ಆದ್ದರಿಂದ ಕನ್ನಡ ಕಾದಂಬರಿ 894.8143. ತೆಲುಗು ಕಾದಂಬರಿ 894.8273, ಮರಾಠಿಯದು 891.463, ಉರ್ದುವಿನದು 891.4393, ಇಂಗ್ಲಿಷಿನದು 823. ಕೊನೆಯ 3 ಎಲ್ಲ ಕಡೆಯೂ ಇದೆ, ಅಲ್ವಾ? ಒಮ್ಮೆ ಇದು ಹೊಳೆದರೆ ಅರ್ಧ ಲೈಬ್ರರಿ ಕೈಗೆ ಬಂದಂತೆ.

ಈಗ ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ ನೋಡಿ. ಅದರಲ್ಲಿ ಮೂರು ಸಾಲು ಇರುತ್ತದೆ. ಉದಾಹರಣೆಗೆ, ಪಾಟೀಲ ಅನ್ನುವವರು ನಮ್ಮ ಭಾಗದ ಕೋಟೆಗಳ ಇತಿಹಾಸ ಬರೆದಿದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲ ಸಾಲು 954.87, ಅದು ವಿಷಯ. ಎರಡನೆಯ ಸಾಲು ‘ಪಾಟೀ’, ಲೇಖಕರ ಹೆಸರಿನ ಮೊದಲ ಎರಡು ಅಕ್ಷರ. ಮೂರನೆಯ ಸಾಲು ‘ಕೋ’, ಪುಸ್ತಕದ ಹೆಸರಿನ ಮೊದಲ ಅಕ್ಷರ. ನಮ್ಮ ಕಡೆ ಪಾಟೀಲರು ಬಹಳ ಜನ ಇರುವುದರಿಂದ ಮೂರನೆಯ ಸಾಲು ಬೇಕೇ ಬೇಕು. ಈ ಮೂರೂ ಸೇರಿದರೆ ಅದು ಪುಸ್ತಕದ ಕಾಲ್ ನಂಬರ್. ಕಾವ್ಯನಾಮದಿಂದ ಹೆಸರಾದವರನ್ನು ಕಾವ್ಯನಾಮದಲ್ಲೇ ಇಟ್ಟಿದ್ದೇವೆ. ಕುವೆಂಪು ‘ಕುವೆಂ’ದಲ್ಲಿ ಸಿಗುತ್ತಾರೆ, ಪುಟ್ಟಪ್ಪ ಅಂತ ಹುಡುಕಬೇಡಿ.

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. 633.18 ಮೊದಲೋ, 633.2 ಮೊದಲೋ? ಹದಿನೆಂಟು ಎರಡಕ್ಕಿಂತ ದೊಡ್ಡದು ಅಂತ ಕಣ್ಣು ಹೇಳುತ್ತದೆ. ಆದರೆ ಚುಕ್ಕಿಯ ಮುಂದಿನದನ್ನು ಪೈಸೆ ಓದಿದ ಹಾಗೆ ಓದಬೇಕು. .2 ಅಂದರೆ ಇಪ್ಪತ್ತು ಪೈಸೆ, .18 ಅಂದರೆ ಹದಿನೆಂಟು ಪೈಸೆ. ಆದ್ದರಿಂದ ಭತ್ತದ 633.18 ಮೊದಲು, ಮೇವಿನ ಬೆಳೆಗಳ 633.2 ಆಮೇಲೆ. ಜೋಳದ 633.174 ಇವೆರಡಕ್ಕಿಂತಲೂ ಮುಂಚೆ. ಅಂಕಿ ಎಷ್ಟು ಉದ್ದ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಡದಿಂದ ಒಂದೊಂದೇ ಅಂಕಿ ಹೋಲಿಸುತ್ತ ಹೋಗಿ.

ರ‍್ಯಾಕಿನ ಮುಂದೆ ನಿಂತಾಗ ಎಡದಿಂದ ಬಲಕ್ಕೆ ನೋಡಿ. ಒಂದು ಹಲಗೆ ಮುಗಿದರೆ ಅದೇ ರ‍್ಯಾಕಿನ ಕೆಳಗಿನ ಹಲಗೆಗೆ ಇಳಿಯಿರಿ. ಪಕ್ಕದ ರ‍್ಯಾಕಿಗೆ ಅಡ್ಡಕ್ಕೆ ಹೋಗಬೇಡಿ. ಮೇಲಿನಿಂದ ಕೆಳಗೆ ಪೂರ್ತಿ ಮುಗಿದ ಮೇಲೆಯೇ ಮುಂದಿನ ರ‍್ಯಾಕು. ಉರ್ದು ಪುಸ್ತಕಗಳಿಗೂ ಇದೇ ಕ್ರಮ. ಒಳಗಿನ ಬರಹ ಬಲದಿಂದ ಶುರುವಾದರೂ ಚೀಟಿಯ ಅಂಕಿ ಎಡದಿಂದಲೇ ಓದುವಂಥದ್ದು.

ಇನ್ನು, ನಿಮಗೆ ವಿಚಿತ್ರ ಅನ್ನಿಸಬಹುದಾದ ಕೆಲವು ಜಾಗಗಳ ಬಗ್ಗೆ ಹೇಳಲೇಬೇಕು. ಡ್ಯೂಯಿ ಪುಸ್ತಕಗಳನ್ನು ವಸ್ತುವಿನ ಮೇಲೆ ಹಂಚುವುದಿಲ್ಲ. ಆ ವಸ್ತುವನ್ನು ಯಾವ ಶಾಸ್ತ್ರದ ಕಣ್ಣಿನಿಂದ ನೋಡಿದ್ದಾರೆ ಅನ್ನುವುದರ ಮೇಲೆ ಹಂಚುತ್ತಾನೆ. ನಮ್ಮ ತೊಗರಿಯನ್ನೇ ತೆಗೆದುಕೊಳ್ಳಿ. ಬಿತ್ತನೆ, ತಳಿ, ಬೆಳೆಗೆ ಬರುವ ಹುಳದ ಬಗ್ಗೆ ಇದ್ದರೆ 633.3. ಹೊಲದ ಮಣ್ಣಿನ ಪುಸ್ತಕ 631.4. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ದರ ಯಾಕೆ ಏರುತ್ತದೆ, ಯಾಕೆ ಬೀಳುತ್ತದೆ ಅನ್ನುವುದು 338.1. ಬೇಳೆಯಿಂದ ಮಾಡುವ ಅಡುಗೆ 641. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶಿಷ್ಟ ಉತ್ಪನ್ನ ಅನ್ನುವ ಕಾನೂನಿನ ಗುರುತು) ಸಿಕ್ಕಿತಲ್ಲ, ಅಂಥ ಹಕ್ಕುಗಳ ಕಾನೂನು 346. ಚಿಂಚೋಳಿಯಿಂದಲೋ ಜೇವರ್ಗಿಯಿಂದಲೋ ಬಂದ ರೈತ ಸದಸ್ಯರು “ತೊಗರಿ ಪುಸ್ತಕ ಎಲ್ಲಿ ಅವ?” ಅಂತ ಕೇಳಿದರೆ ಒಂದೇ ರ‍್ಯಾಕ್ ತೋರಿಸಲಾಗದು. ಅದಕ್ಕೇ ಕೌಂಟರಿನ ಪಕ್ಕ ಕಂಪ್ಯೂಟರಿನಲ್ಲಿ ಕ್ಯಾಟಲಾಗ್ ಇಟ್ಟಿದ್ದೇವೆ. ‘ತೊಗರಿ’ ಅಂತ ಟೈಪ್ ಮಾಡಿದರೆ ಎಲ್ಲ ರ‍್ಯಾಕಿನವೂ ಒಟ್ಟಿಗೆ ಬರುತ್ತವೆ. ಕಾಲ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಒಳಗೆ ಹೋಗಿ.

ವಚನಗಳ ವಿಷಯದಲ್ಲಿ ನಾವು ಕೂತು ಬಹಳ ಚರ್ಚೆ ಮಾಡಿದೆವು. ಸಾಹಿತ್ಯವೋ, ಧರ್ಮವೋ? ಬಸವಕಲ್ಯಾಣ ಪಕ್ಕದಲ್ಲೇ ಇರುವ ನಮ್ಮಂಥವರಿಗೆ ಇದು ಬರೀ ನಂಬರಿನ ಪ್ರಶ್ನೆ ಅಲ್ಲ. ಕೊನೆಗೆ ವಚನಗಳ ಮೂಲ ಸಂಪುಟಗಳನ್ನು ಕನ್ನಡ ಸಾಹಿತ್ಯದಲ್ಲಿ ಇಟ್ಟೆವು. ಶರಣರ ಧರ್ಮ, ಆಚರಣೆಗಳ ಬಗೆಗಿನ ಪುಸ್ತಕ 200ರ ವರ್ಗದಲ್ಲಿ, ಶರಣರ ಜೀವನ ಚರಿತ್ರೆಗಳು 920ರಲ್ಲಿ. ಖಾಜಾ ಬಂದೇ ನವಾಜ್ ಮತ್ತು ಸೂಫಿ ಪಂಥದ ಪುಸ್ತಕಗಳು 297.4ರಲ್ಲಿ ಇವೆ. ಗಾದೆ, ಒಗಟು, ಜನಪದ ಕಥೆಗಳು ಸಾಹಿತ್ಯದಲ್ಲಿ ಇರುವುದಿಲ್ಲ, 398ಕ್ಕೆ ಹೋಗಿ. ಬಿದರಿ ಕಲೆ 739, ಲೋಹದ ಕುಸುರಿ ಕೆಲಸದ ಜೊತೆ.

ಈ ಪದ್ಧತಿಯಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಯೂ ಇದೆ. ಧರ್ಮದ ವರ್ಗದಲ್ಲಿ 220ರಿಂದ 280ರವರೆಗೆ ಕ್ರೈಸ್ತ ಧರ್ಮವೊಂದೇ. ಉಳಿದ ಜಗತ್ತಿನ ಧರ್ಮಗಳೆಲ್ಲ 290ರ ಒಳಗೆ ಸೇರಿಕೊಳ್ಳಬೇಕು. ಹಿಂದೂ, ಬೌದ್ಧ, ಜೈನ, ಸಿಖ್ ನಾಲ್ಕೂ 294ರಲ್ಲೇ ಬರುತ್ತವೆ. ಸಾವಿರ ವರ್ಷ ದಾಟಿದ ಕನ್ನಡ ಸಾಹಿತ್ಯಕ್ಕೆ ಚುಕ್ಕಿಯ ಮುಂದೆ ಮೂರನೆಯ ಅಂಕಿಯಲ್ಲಿ ಜಾಗ, ಇಂಗ್ಲಿಷಿಗೆ ಮಾತ್ರ ಇಡೀ 820. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಕೂತವರಿಗೆ ಜಗತ್ತು ಕಂಡ ರೀತಿ ಅದು. ಅದಕ್ಕೇ ನಮ್ಮ ಪುಸ್ತಕಗಳ ಮೇಲಿನ ಸಂಖ್ಯೆ ಉದ್ದ.

ಹಾಗಾದರೆ ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ ಯಾಕೆ ಬೇಡವಾಯಿತು ಅಂತ ಕೆಲವು ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1933ರಲ್ಲಿ ಆ ಪದ್ಧತಿ ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. ಒಂದು ವಿಷಯವನ್ನು ಬಿಡಿಸಿ ಮತ್ತೆ ಕೂಡಿಸುವುದರಲ್ಲಿ ಅವರ ಪದ್ಧತಿ ಡ್ಯೂಯಿಗಿಂತ ಎಷ್ಟೋ ಮೇಲು. ಆದರೆ ಅದರಲ್ಲಿ ಅಕ್ಷರ, ಅಂಕಿ, ವಿರಾಮ ಚಿಹ್ನೆ ಎಲ್ಲ ಬೆರೆತಿರುತ್ತವೆ. ಸಂಜೆ ಕೆಲಸ ಮುಗಿಸಿ ಬಂದವರು ನಿಂತಲ್ಲೇ ಓದಿಕೊಳ್ಳುವುದು ಕಷ್ಟ. ಡ್ಯೂಯಿ ಸಂಖ್ಯೆ ಇಲ್ಲಿ ಕಲಿತರೆ, ಅದೇ ಪದ್ಧತಿ ಇರುವ ಬೇರೆ ಯಾವ ಊರಿನ ಲೈಬ್ರರಿಗೆ ಹೋದರೂ ಕೆಲಸಕ್ಕೆ ಬರುತ್ತದೆ. ಅವರ ಸಂಖ್ಯೆ ತೆಗೆದುಕೊಳ್ಳದಿದ್ದರೂ ಅವರ ಸೂತ್ರ ಬಿಟ್ಟಿಲ್ಲ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗರ ಸಮಯ ಉಳಿಯಬೇಕು ಅಂತ ಅವರು 1931ರಲ್ಲೇ ಬರೆದರು. ಬೀಗ ಹಾಕಿದ ಬೀರುವಿನಲ್ಲಿ ಇವೆರಡೂ ಆಗುವುದಿಲ್ಲ.

ಕೆಲವನ್ನು ವಿಷಯದ ಕ್ರಮಕ್ಕೆ ತಂದಿಲ್ಲ. ಕೆಪಿಎಸ್‌ಸಿ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳ ಪುಸ್ತಕಗಳು ಓದುವ ಹಾಲಿನ ಬಾಗಿಲ ಪಕ್ಕದ ರ‍್ಯಾಕಿನಲ್ಲೇ ಇರುತ್ತವೆ. ಅವನ್ನು ಸಂವಿಧಾನಕ್ಕೆ 342, ಅರ್ಥಶಾಸ್ತ್ರಕ್ಕೆ 330, ಗಣಿತಕ್ಕೆ 510 ಅಂತ ಚದುರಿಸಿದರೆ ಓದುವ ಹುಡುಗ ಹುಡುಗಿಯರಿಗೆ ಸುಮ್ನೆ ಅಲೆದಾಟ. ಮಕ್ಕಳ ಪುಸ್ತಕಗಳು ತಗ್ಗಿನ ರ‍್ಯಾಕಿನಲ್ಲಿ ಬಣ್ಣದ ಪಟ್ಟಿಯ ಪ್ರಕಾರ ಇವೆ. ನಿಘಂಟು, ಅಟ್ಲಾಸ್‌ಗಳಿಗೆ ‘ರೆ’ (ರೆಫರೆನ್ಸ್) ಗುರುತು ಇದೆ, ಅವು ಮನೆಗೆ ಕೊಡುವಂಥವಲ್ಲ.

ನಿಮ್ಮಲ್ಲಿ ಒಂದು ಕಳಕಳಿಯ ವಿನಂತಿ. ತೆಗೆದ ಪುಸ್ತಕವನ್ನು ದಯವಿಟ್ಟು ನೀವೇ ವಾಪಸ್ ಇಡಬೇಡಿ. ಪ್ರತಿ ಸಾಲಿನ ಕೊನೆಗೆ ಮೇಜು ಇದೆ, ಅದರ ಮೇಲೆ ಬಿಡಿ. ಸಹಾಯ ಮಾಡುವ ಮನಸ್ಸಿನಿಂದಲೇ ಇಡುತ್ತೀರಿ, ಗೊತ್ತು. ಆದರೆ ಎರಡು ಹಲಗೆ ಆಚೆ ಹೋದ ಪುಸ್ತಕ ಕ್ಯಾಟಲಾಗಿನಲ್ಲಿ ‘ಇದೆ’ ಅಂತ ತೋರಿಸುತ್ತಲೇ ಇರುತ್ತದೆ, ಹುಡುಕಿ ಬಂದವರಿಗೆ ಮಾತ್ರ ಸಿಗುವುದಿಲ್ಲ. ನಮ್ಮ ಸಿಬ್ಬಂದಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದೊಂದು ರ‍್ಯಾಕಿನ ಚೀಟಿಗಳನ್ನು ಓದುತ್ತ ಕ್ರಮ ಸರಿಪಡಿಸುತ್ತಾರೆ.

ಸದಸ್ಯತ್ವದ ಶುಲ್ಕ, ಠೇವಣಿ, ಪುಸ್ತಕ ಇಟ್ಟುಕೊಳ್ಳುವ ಅವಧಿ ಯಾವುದೂ ಬದಲಾಗಿಲ್ಲ. ನಿಮ್ಮ ಕಾರ್ಡೂ ಅದೇ. ಹಳೆಯ ರಿಜಿಸ್ಟರ್ ನಂಬರ್ ಪುಸ್ತಕದ ಒಳಪುಟದಲ್ಲಿ ಹಾಗೇ ಇದೆ. ಒಂದೇ ಪುಸ್ತಕದ ಎರಡು ಪ್ರತಿಗಳಿಗೆ ಕಾಲ್ ನಂಬರ್ ಒಂದೇ ಇದ್ದರೂ ಆ ನಂಬರ್ ಬೇರೆ ಬೇರೆ, ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅದರ ಮೇಲೆಯೇ ನಡೆಯುತ್ತದೆ. ಒಳಗೆ ಓಡಾಡಿ ಪುಸ್ತಕ ತೆಗೆಯಲು ಆಗದ ಹಿರಿಯರು ಮೊದಲಿನ ಹಾಗೆ ಕೌಂಟರಿನಲ್ಲಿ ಹೇಳಿದರೆ ಸಾಕು, ನಾವೇ ತಂದುಕೊಡುತ್ತೇವೆ. ಪುಸ್ತಕವೊಂದು ತಪ್ಪು ವಿಷಯದಲ್ಲಿ ಕೂತಿದೆ ಅನ್ನಿಸಿದರೆ ಅದರ ಕಾಲ್ ನಂಬರ್, ಎಲ್ಲಿರಬೇಕಿತ್ತು ಅನ್ನುವುದು ಎರಡನ್ನೂ ಬರೆದು ಕೌಂಟರಿನ ಡಬ್ಬಿಗೆ ಹಾಕಿ. ತಿಂಗಳ ಸಭೆಯಲ್ಲಿ ಅಂಥ ಚೀಟಿಗಳನ್ನೆಲ್ಲ ಓದಿ ನೋಡುತ್ತೇವೆ.

ನಿಮ್ಮ,
ಗ್ರಂಥಪಾಲಕರು ಮತ್ತು ಆಡಳಿತ ಮಂಡಳಿ