ಆ ಹಲಗೆ ಬೇಡ ಎಂದವರಿಗೆ

ಹಳೇ ಅಲ್ಯೂಮಿನಿಯಂ ಮೀನುದೋಣಿಯ ಕೊಳೆತ ಡೆಕ್ (ಮರದ ಹಾಸು) ಕಿತ್ತುಹಾಕಿ ಹೊಸ ಪ್ಲೈವುಡ್ ಕೊಯ್ಯುತ್ತಿದ್ದೆ. ಹಾದುಹೋಗುತ್ತಿದ್ದ ನೀವು ನಿಂತು, ಹಲಗೆಯ ಹಸಿರು ಛಾಯೆ ನೋಡಿ, "ಇದು ಕೊಳೆಯದಿರಲಿ ಅಂತ ತಾಮ್ರದ ಔಷಧಿ ಕುಡಿಸಿದ ಮರ. ಒದ್ದೆಯಾದರೆ ಅಲ್ಯೂಮಿನಿಯಂ ತಿಂದುಹಾಕುತ್ತೆ, ಬೇಡಪ್ಪ" ಎಂದಿರಿ.

ಅಷ್ಟು ಹೇಳಿ ಹೋಗಬಹುದಿತ್ತು. ಹೋಗಲಿಲ್ಲ. ದೋಣಿಯನ್ನು ದಿಮ್ಮಿಗಳ ಮೇಲೇರಿಸಿ, ಒಳಗೆ ನಾಲ್ಕು ಬೆರಳು ನೀರು ತುಂಬಿಸಿ, ಕೆಳಗೆ ತೂರಿ ಹನಿಯುತ್ತಿದ್ದ ರಿವೆಟ್‌ಗಳಿಗೆಲ್ಲ (ತಗಡು ಜೋಡಿಸುವ ಮೊಳೆಗಳಿಗೆ) ಮಾರ್ಕರ್‌ನಿಂದ ಸುತ್ತು ಹಾಕಿದಿರಿ. 11! ನಾನು ಎರಡೋ ಮೂರೋ ಅಂದುಕೊಂಡಿದ್ದೆ. ಅಂಗಿಯೆಲ್ಲ ನೆನೆದಿತ್ತು ನಿಮ್ಮದು.

ದೋಣಿ ತೇಲಲೆಂದು ಒಳಗೆ ತುಂಬಿದ್ದ ಫೋಮ್ ಹಿಂಡಿದಾಗ ಸುರಿದ ನೀರು ನೋಡಿ, ದೋಣಿ ಯಾಕೆ ಅಷ್ಟು ಭಾರವೆಂದು ತಿಳಿಯಿತು. ಈಗ ಆ ಹಲಗೆ ಬಿಟ್ಟು, ದೋಣಿಗೆಂದೇ ಬರುವ ಮರೈನ್ ಪ್ಲೈವುಡ್‌ನ ಅಂಚಿಗೂ, ಸ್ಕ್ರೂ ತೂತುಗಳಿಗೂ ನೀರು ಇಳಿಯದಂತೆ ಎಪಾಕ್ಸಿ ಅಂಟು ಬಳಿದು ಕೂರಿಸಿದ್ದೇನೆ.

ಹೆಸರು ಕೇಳುವುದೇ ಮರೆತೆ. ತುಂಬಾ ಥ್ಯಾಂಕ್ಸ್ ಸಾರ್. ನಿಮ್ಮ ಮಾರ್ಕರ್ ನನ್ನ ಹತ್ತಿರವೇ ಉಳಿದಿದೆ.