ಏರ್‌ಬ್ಯಾಗ್ ಇಲ್ಲದ್ದು ಒಳಗೆ, ಇರುವುದು ಹೊರಗೆ

ಸಂಪಾದಕರೇ,

ಅಮೆರಿಕದಲ್ಲಿ ದುಡ್ಡಿದ್ದರೆ ಯಾವ ಕಾರು ಬೇಕಾದರೂ ಸಿಗುತ್ತದೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಬೇಕಾದ ಒಂದು ಕಾರಿಗೆ ದುಡ್ಡು ಕೂಡಿಟ್ಟು ಮೂರು ವರ್ಷವಾಯಿತು. ಕಾರು ಮಾತ್ರ ಇನ್ನೂ ಕೈಗೆ ಬಂದಿಲ್ಲ.

ನನಗೆ ಬೇಕಿರುವುದು ಟೊಯೊಟಾ ಲ್ಯಾಂಡ್ ಕ್ರೂಸರ್, 70 ಸೀರೀಸ್, ಡೀಸೆಲ್. ಇಲ್ಲಿಗೆ ಬರುವ ಮೊದಲು ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ದಿನಾ ಓಡಿಸುತ್ತಿದ್ದದ್ದು ಅದನ್ನೇ. ಬೆಳಿಗ್ಗೆ ಕೀ ತಿರುಗಿಸಿ, ಸುರುಳಿ ಚಿತ್ರದ ಹಳದಿ ದೀಪ ಆರುವವರೆಗೆ ಸುಮ್ನೆ ಕೂರಬೇಕು. ಎಂಜಿನ್ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಕಾದ ಮೇಲೆ ಸ್ಟಾರ್ಟ್. ಇಡೀ ಗಾಡಿ ಒಮ್ಮೆ ಮೈ ಕೊಡವಿದ ಹಾಗೆ ಅದುರುತ್ತದೆ. ಆಮೇಲೆ ಟಕಟಕ ಸದ್ದು ಒಂದು ಹದಕ್ಕೆ ಬರುತ್ತದೆ. ಎಂಜಿನ್ ಹೆಸರು 1ಎಚ್‌ಝಡ್. 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ. ವೇಗ ಜಾಸ್ತಿ ಇಲ್ಲ, ಒಪ್ಪುತ್ತೇನೆ. ಆದರೆ ಕೆಟ್ಟರೆ ಸ್ಪ್ಯಾನರ್ ಹಿಡಿದು ನಾನೇ ಬಿಚ್ಚಿ ಜೋಡಿಸಬಹುದು. ಆ ಭರವಸೆ ನನಗೆ ಬೇರೆ ಯಾವ ಗಾಡಿಯಲ್ಲೂ ಸಿಕ್ಕಿಲ್ಲ.

1984ರಿಂದ ತಯಾರಾಗುತ್ತಿರುವ ಈ ಗಾಡಿಯನ್ನು ಕಂಪನಿ ಅಮೆರಿಕದಲ್ಲಿ ಮಾರಲಿಲ್ಲ. ಹೊರಗಿನಿಂದ ತರಿಸೋಣ ಎಂದರೆ 1988ರ ಕಾನೂನು ಅಡ್ಡ ಬರುತ್ತದೆ. ಎಂಬತ್ತರ ದಶಕದಲ್ಲಿ ಡಾಲರ್ ಬಲವಾಗಿತ್ತು. ಜನ ಯುರೋಪಿನಲ್ಲಿ ಕಡಿಮೆ ಬೆಲೆಗೆ ಕಾರು ಕೊಂಡು ತಾವೇ ತರಿಸಿಕೊಳ್ಳುತ್ತಿದ್ದರು. ಅದಕ್ಕೆ ಈ ಕಾನೂನು ಕಡಿವಾಣ ಹಾಕಿತು. ಈಗ ಇಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರು ಸುಲಭವಾಗಿ ಒಳಗೆ ಬರಬೇಕೆಂದರೆ ಅದಕ್ಕೆ 25 ವರ್ಷ ತುಂಬಿರಬೇಕು. ಹೊಗೆಯ ನಿಯಮಕ್ಕೆ 21 ವರ್ಷ ಸಾಕು. ಪಕ್ಕದ ಕೆನಡಾದಲ್ಲಿ ಬರೀ 15.

25 ವರ್ಷವನ್ನು ಲೆಕ್ಕ ಹಾಕುವುದು ಗಾಡಿ ತಯಾರಾದ ತಿಂಗಳಿನಿಂದ. ಕಾಗದದಲ್ಲಿ ಯಾವ ವರ್ಷದ ಮಾಡೆಲ್ ಎಂದು ಬರೆದಿದ್ದರೂ ಅದು ನಡೆಯುವುದಿಲ್ಲ. ನಾನು ಎಡವಿದ್ದು ಇಲ್ಲೇ. ಜಪಾನಿನಲ್ಲಿದ್ದ ಒಂದು ಗಾಡಿಗೆ ಏಜೆಂಟರೊಬ್ಬರ ಮೂಲಕ ಮುಂಗಡ ಕೊಟ್ಟೆ. '25 ತುಂಬಿದೆ, ಯೋಚನೆ ಮಾಡಬೇಡಿ' ಎಂದರು. ಹಡಗಿಗೆ ಹತ್ತಿಸುವ ವಾರ ಯಾಕೋ ಅನುಮಾನ ಬಂತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು, ಬುಡದಲ್ಲಿ ಹೊಲಿದಿರುವ ಬಿಳಿ ಚೀಟಿಯ ಫೋಟೋ ಕಳಿಸಿ ಎಂದೆ. ಬೆಲ್ಟ್ ತಯಾರಾದ ತಿಂಗಳು ಅದರಲ್ಲಿರುತ್ತದೆ. ಫೋಟೋ ಬಂತು. ಆ ತಿಂಗಳಿನಿಂದ ಎಣಿಸಿದರೂ 25 ತುಂಬಲು ಏಳು ತಿಂಗಳು ಬಾಕಿ ಇತ್ತು. ಬೆಲ್ಟ್ ಮೊದಲು, ಕಾರು ಆಮೇಲೆ ಅಲ್ವಾ? ಇದೇನು ಎಂದು ಕೇಳಿದೆ. ಅವರು ಗಾಡಿಯನ್ನು ಬೇರೆಯವರಿಗೆ ಕೊಟ್ಟರು. ನನ್ನ ಮುಂಗಡ ವಾಪಸ್ ಬರಲಿಲ್ಲ. ಆದರೂ ಕೇಳಿದ್ದು ಒಳ್ಳೆಯದಾಯಿತು. ಹಾಗೇ ತರಿಸಿದ್ದರೆ ಗಾಡಿ ಬಂದರಿನಲ್ಲೇ ನಿಲ್ಲುತ್ತಿತ್ತು.

ದುಡ್ಡು ಹೋಯಿತು, ಇರಲಿ. ನನ್ನನ್ನು ಕಾಡುವುದು ನಿಯಮದ ಒಳಗಿನ ತರ್ಕ. ಇದು ಸುರಕ್ಷತೆಯ ಕಾನೂನು. ನಾನು ಹುಡುಕುತ್ತಿರುವ ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. 25 ತುಂಬಿದ್ದರೆ ಎಚ್‌ಎಸ್-7 ಎಂಬ ಫಾರಂನ ಮೊದಲ ಚೌಕದಲ್ಲಿ ಗುರುತು ಹಾಕಿ ಅದನ್ನು ತರಬಹುದು. ಅದೇ ಗಾಡಿಯ ಹತ್ತು ವರ್ಷ ಹಳೆಯದು, ಎರಡು ಏರ್‌ಬ್ಯಾಗ್ ಇರುವುದು, ಆಸ್ಟ್ರೇಲಿಯಾದ ನಿಯಮ ಪಾಸಾಗಿ ರಸ್ತೆಯಲ್ಲಿ ಓಡುತ್ತಿರುವುದು, ಬರುವಂತಿಲ್ಲ. ಇದರಲ್ಲಿ ಯಾವುದರಲ್ಲಿ ನನ್ನ ಮಗಳನ್ನು ಕೂರಿಸಲಿ? ಕಾನೂನು ನನ್ನನ್ನು ತಳ್ಳುತ್ತಿರುವುದು ಹೆಚ್ಚು ಅಪಾಯದ ಗಾಡಿಯ ಕಡೆಗೆ.

ಹೊಗೆಯ ಮಾತು ಬೇರೆ. ಅಲ್ಲಿ ಡೀಸೆಲ್ ಇಷ್ಟಪಡುವ ನಾವು ತಲೆ ತಗ್ಗಿಸಲೇಬೇಕು. 2015ರಲ್ಲಿ ಫೋಕ್ಸ್‌ವ್ಯಾಗನ್ ವಿಷಯ ಹೊರಬಂದಾಗ ಗೊತ್ತಾಯಿತಲ್ಲ, ಪರೀಕ್ಷೆಯಲ್ಲಿ ಸಭ್ಯವಾಗಿದ್ದ ಎಂಜಿನ್ ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು ಎಂದು. ಹೊಗೆ ಕುಡಿಯುವುದು ಪಕ್ಕದಲ್ಲಿ ನಡೆದು ಹೋಗುವವರು. ಹಾಗಾಗಿ ರಿಯಾಯಿತಿ ಕೊಡಿ ಎಂದು ನಾನು ಕೇಳುವುದಿಲ್ಲ. ನನ್ನ ಖರ್ಚಿನಲ್ಲೇ ರಸ್ತೆಯ ಮೇಲೆ ಓಡಿಸಿ ಅಳೆಯಿರಿ, ಫೇಲಾದರೆ ವಾಪಸ್ ಕಳಿಸುತ್ತೇನೆ. ಆದರೆ ಈಗಿನ ನಿಯಮ 21 ವರ್ಷ ದಾಟಿದ, ಜಾಸ್ತಿ ಹೊಗೆ ಬಿಡುವ ಎಂಜಿನ್ನನ್ನೇ ಪರೀಕ್ಷೆ ಇಲ್ಲದೆ ಒಳಗೆ ಬಿಡುತ್ತದೆ. ಫಿಲ್ಟರ್ ಇರುವ ಹೊಸದನ್ನು ತಡೆಯುತ್ತದೆ.

ನೋಂದಾಯಿತ ಆಮದುದಾರರ ಮೂಲಕ ತರಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಸರ್ಕಾರ ಆ ಮಾಡೆಲ್ಲನ್ನು ಇಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ಮಾರ್ಪಡಿಸಲು ಯೋಗ್ಯ ಎಂದು ಮೊದಲು ಒಪ್ಪಿರಬೇಕು. ಒಪ್ಪಿಸುವ ಖರ್ಚು ಒಬ್ಬ ಸಂಬಳದಾರನಿಂದ ಆಗುವ ಮಾತಲ್ಲ. ಪಿಕಪ್ ನೋಡೋಣ ಎಂದರೆ 25 ಶೇಕಡಾ ಸುಂಕ. ಯುರೋಪು ಅಮೆರಿಕದ ಕೋಳಿಗೆ ಸುಂಕ ಹಾಕಿತೆಂದು ಸೇಡಿಗೆ ಹಾಕಿದ್ದು, 1964ರಲ್ಲಿ. ಇವತ್ತಿಗೂ ಅದಕ್ಕೆ ಕೋಳಿ ತೆರಿಗೆ ಎಂದೇ ಹೆಸರು.

ಒಬ್ಬರಿಗೆ ಒಂದು ಕಾರು, ಮಾರಾಟಕ್ಕಲ್ಲ, ಸ್ವಂತಕ್ಕೆ. ಕೆನಡಾದ ಹಾಗೆ 15 ವರ್ಷ. ನಾನು ಕೇಳುವುದು ಇಷ್ಟೇ. ಇಲ್ಲಿನ ನಮ್ಮ ಸಂಸದರಿಗೂ ಇದನ್ನೇ ಬರೆದಿದ್ದೇನೆ. ನಿಮ್ಮ ಓದುಗರ ಮಕ್ಕಳು ಯಾರಾದರೂ ಇಲ್ಲಿದ್ದು ಇಂಥ ಕಾರಿನ ಆಸೆ ಇಟ್ಟುಕೊಂಡಿದ್ದರೆ, ಮುಂಗಡ ಕೊಡುವ ಮೊದಲು ತಯಾರಾದ ತಿಂಗಳು ನೋಡಿಕೊಳ್ಳಲು ಹೇಳಿ.

ಈಗ ಇನ್ನೊಂದು ಗಾಡಿ ಸಿಕ್ಕಿದೆ. ಬೆಲ್ಟಿನ ಚೀಟಿಯ ಫೋಟೋ ಮೊದಲೇ ತರಿಸಿದೆ, ತಿಂಗಳು ಸರಿಯಿದೆ. ಆದರೆ 25 ವರ್ಷ ಮಳೆ, ಹಿಮ, ಉಪ್ಪು ತಿಂದ ಗಾಡಿ ಅದು. ಷಾಸಿಯ ಅಡಿ ಎಷ್ಟು ತುಕ್ಕು ಹಿಡಿದಿದೆ ಎಂಬ ಫೋಟೋಗಾಗಿ ಕಾಯುತ್ತಿದ್ದೇನೆ.

ಇತಿ,
ಅಮೆರಿಕದಿಂದ ನಿಮ್ಮ ಓದುಗ