ನಿಂತ ಕಾರಿನ ಕಾಳಜಿ: ಕೊಪ್ಪಳದ ಗೆಳೆಯನಿಗೊಂದು ಪತ್ರ

ಬಳ್ಳಾರಿ,
ಭಾನುವಾರ ಬೆಳಿಗ್ಗೆ

ಆತ್ಮೀಯ ಗೆಳೆಯಾ,

ನನ್ನಲ್ಲಿರುವಂಥದೇ ವರ್ಟಸ್ ಕಾರು ಬುಕ್ ಮಾಡಿದ ಸುದ್ದಿ ತಿಳಿಸಿ, ಅದರ ಬೆನ್ನಿಗೇ “ಇಂಥ ಗಾಡಿಯನ್ನು ನಮ್ಮ ಕಡೆ ದಿನನಿತ್ಯ ಸಾಕುವುದು ಕಷ್ಟವೇ?” ಎಂದು ಕೇಳಿದ್ದೀಯ. ಫೋನಿನಲ್ಲಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ತಗ್ಗಾದ ಸೆಡಾನ್ ಕೊಳ್ಳಲು ಹೊರಟು, “ಎತ್ತರದ ಗಾಡಿ ಬಿಟ್ಟು ಇದನ್ನೇಕೆ ತೆಗೆದುಕೊಳ್ಳುತ್ತೀಯ” ಎಂದು ಮನೆಯವರಿಂದಲೂ ಪಂಕ್ಚರ್ ಅಂಗಡಿಯವರಿಂದಲೂ ಕೇಳಿಸಿಕೊಳ್ಳುವವರು ನಿನ್ನಂತೆ ಇನ್ನೂ ಕೆಲವರಿದ್ದಾರೆ. ಅವರ ಕಣ್ಣಿಗೂ ಬೀಳಲೆಂದು ಈ ಪತ್ರವನ್ನು ಎಲ್ಲರೂ ಓದುವಂತೆ ಇಟ್ಟಿದ್ದೇನೆ.

ನನ್ನದು 2022ರಲ್ಲಿ ಕೊಂಡ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್, ಬಿಳಿ ಬಣ್ಣದ್ದು. ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ ಎಂಬ ಅಂಕಿಗಳಿಗೆ ಮನಸೋತು ತಂದ ಗಾಡಿ ಅದು. ಆದರೆ ಮನೆಯಿಂದ ತೋರಣಗಲ್ಲಿನ ಬ್ಯಾಂಕಿಗೆ ಹೋಗಿ ಬರಲು ಅದು ದಿನಕ್ಕೆ ಓಡುವುದು ಹೆಚ್ಚೆಂದರೆ ಒಂದೂವರೆ ತಾಸು, ಉಳಿದ ಇಪ್ಪತ್ತೆರಡೂವರೆ ತಾಸು ಎಲ್ಲೋ ಒಂದು ಕಡೆ ನಿಂತೇ ಇರುತ್ತದೆ. ಈ ವರ್ಷಗಳಲ್ಲಿ ನಾನು ಕೈಯಿಂದ ತೆತ್ತ ನಷ್ಟಗಳನ್ನೆಲ್ಲ ಲೆಕ್ಕ ಹಾಕಿದರೆ, ಒಂದೆರಡು ಬಿಟ್ಟು ಮಿಕ್ಕವೆಲ್ಲ ಕಾರು ನಿಂತಿದ್ದಾಗ ಆದವು. ಎಲ್ಲರೂ ನಿನಗೆ ಓಡಿಸುವುದನ್ನು ಹೇಳಿಕೊಡುತ್ತಾರೆ, ನಾನು ನಿಲ್ಲಿಸುವುದನ್ನು ಹೇಳುತ್ತೇನೆ.

ಮೊದಲು ಧೂಳಿನ ಮಾತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಮುನ್ನ ಅದಿರಿನ ಲಾರಿಗಳ ಹಿಂದೆ ನಾವಿಬ್ಬರೂ ಬೈಕಿನಲ್ಲಿ ಹೋಗಿ ಕೆಂಪು ಹುಬ್ಬುಗಳೊಂದಿಗೆ ಮನೆಗೆ ಮರಳಿದ್ದು ನಿನಗೆ ನೆನಪಿರಬೇಕು. ಅಂದಿನಷ್ಟಲ್ಲದಿದ್ದರೂ ಕುಡಿತಿನಿ ದಾಟಿದ ಮೇಲೆ ಇಂದಿಗೂ ಸಂಜೆಯ ಹೊತ್ತಿಗೆ ಬಿಳಿ ಕಾರು ಕಾವಿ ಬಣ್ಣಕ್ಕೆ ತಿರುಗುತ್ತದೆ. ಕೊಂಡ ಆರನೆಯ ತಿಂಗಳಲ್ಲಿ ಬಾನೆಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಕಂಡಾಗ ಒಳಗಿನ ತಗಡೇ ತುಕ್ಕು ಹಿಡಿಯಿತೆಂದು ನಾನು ಹೌಹಾರಿದೆ. ಅದು ಹಾಗಲ್ಲ. ಅದಿರಿನ ಧೂಳು ಆಗಲೇ ತುಕ್ಕಿನ ಜಾತಿಗೆ ಸೇರಿದ್ದು, ಅದು ಮತ್ತೆ ತುಕ್ಕು ಹಿಡಿಯುವುದಿಲ್ಲ, ಅಂಟುತ್ತದೆ, ಉಜ್ಜಿದರೆ ಗೀರುತ್ತದೆ ಅಷ್ಟೆ. ಆದರೆ ಉಕ್ಕಿನ ಕೆಲಸ ನಡೆಯುವಲ್ಲಿ, ರೈಲು ಹಳಿಗಳ ಬಳಿಯಲ್ಲಿ ಹಾರಿ ಬರುವ ಅಪ್ಪಟ ಕಬ್ಬಿಣದ ಕಣಗಳು ಬಿಸಿಲಿಗೆ ಕಾದ ಬಣ್ಣದ ಮೇಲ್ಪದರದಲ್ಲಿ ನಾಟಿಕೊಂಡು, ಮುಂದಿನ ಮಳೆಗೆ ತಾವೇ ತುಕ್ಕು ಹಿಡಿಯುತ್ತವೆ. ಕಬ್ಬಿಣದ ಕಣ ಕರಗಿಸುವ ದ್ರಾವಣವೊಂದು ಸಿಗುತ್ತದೆ. ಸಿಂಪಡಿಸಿದೊಡನೆ ಚುಕ್ಕೆಯಿದ್ದಲ್ಲೆಲ್ಲ ನೇರಳೆ ಬಣ್ಣದ ನೀರು ಇಳಿಯುತ್ತದೆ. ಉಳಿದದ್ದನ್ನು ಸೋಪಿನ ನೀರು ಹಾಕುತ್ತ, ಕಾರಿಗೆಂದೇ ಬರುವ ಜೇಡಿಯ ಉಂಡೆಯಿಂದ ಮೆಲ್ಲಗೆ ಸವರಿ ತೆಗೆಯಬೇಕು. ವರ್ಷಕ್ಕೆ ಎರಡು ಸಲ ಸಾಕು. ನೀನು ಕೆಂಪು ಬಣ್ಣ ಆರಿಸಿಕೊಂಡಿರುವುದರಿಂದ ಚುಕ್ಕೆಗಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ತೊಳೆದ ಮೇಲೆ ಕೈಗೊಂದು ತೆಳು ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ ಸವರಿ ನೋಡು: ರವೆ ಮುಟ್ಟಿದಂತಾದರೆ ಕಣಗಳಿವೆಯೆಂದು ತಿಳಿ. ಗಿಣಿಗೇರಿಯ ಕಾರ್ಖಾನೆಗಳ ಕಡೆಯಿಂದ ನಿಮ್ಮಲ್ಲಿಗೆ ಬರುವ ಕರಿ ಮಸಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಇದಕ್ಕಿಂತ ಹೆಚ್ಚು ಕೆಡುಕು ಮಾಡುವುದು ನಾವೇ ಪ್ರೀತಿಯಿಂದ ಮಾಡುವ ಒಂದು ಕೆಲಸ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಕಾರು ಒರೆಸುವುದನ್ನು ನಮ್ಮ ಓಣಿಯಲ್ಲಿ ಪೂಜೆಯಷ್ಟೇ ನಿಷ್ಠೆಯಿಂದ ಮಾಡುತ್ತಾರೆ, ನಾನೂ ಮೊದಲ ವರ್ಷ ಮಾಡಿದೆ. ಅದಿರಿನ ಪುಡಿ ಕಾರಿನ ಮೇಲ್ಪದರಕ್ಕಿಂತ ಬಹಳ ಗಟ್ಟಿ. ಒಣ ಬಟ್ಟೆಯಡಿ ಅದು ಮರಳುಕಾಗದದಂತೆ ಕೆಲಸ ಮಾಡುತ್ತದೆ, ಬಿಸಿಲಿಗೆ ಹಿಡಿದಾಗ ಜೇಡರ ಬಲೆಯಂತೆ ಕಾಣುವ ಗೆರೆಗಳು ಬರುವುದು ಅದರಿಂದಲೇ. ನಲ್ಲಿ ನೀರು ದಿನವೂ ಬರದ ಊರಿನಲ್ಲಿ ದಿನಾ ತೊಳೆ ಎಂದು ನಾನು ಹೇಳಲಾರೆ. ಧೂಳಿದ್ದರೆ ಇರಲಿ ಬಿಡು, ಮುಟ್ಟಬೇಡ. ವಾರಕ್ಕೊಮ್ಮೆ ಮೊದಲು ಮೇಲಿನಿಂದ ನೀರು ಹರಿಸಿ ಧೂಳನ್ನು ತೇಲಿಸಿಬಿಟ್ಟು, ಆಮೇಲೆ ಸೋಪಿನ ನೀರಿಗೆ ಒಂದು, ಬಟ್ಟೆ ಜಾಲಿಸಲು ಒಂದು ಎಂದು ಎರಡು ಬಕೆಟ್ ಇಟ್ಟುಕೊಂಡು ತೊಳೆ. ಬೋರ್‌ವೆಲ್ ನೀರು ಬಿಸಿಲಿಗೆ ಆರಿದರೆ ಬಿಳಿ ಸುಣ್ಣದ ಕಲೆ ಉಳಿಯುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಬಳಸು ಎಂದು ನಮ್ಮ ಪಕ್ಕದ ಮನೆಯವರು ಸಲಹೆ ಕೊಟ್ಟರು, ಆದರೆ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲಿಯೇ. ಅದರ ಬದಲು ಮನೆಯ ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡು. ಅದರಲ್ಲಿ ಲವಣವೇ ಇರುವುದಿಲ್ಲವೆನ್ನಬಹುದು. ಕೊನೆಯ ಸುತ್ತಿಗೆ ಅದನ್ನು ಸುರಿದರೆ ಕಲೆ ಬೀಳುವುದಿಲ್ಲ. ಏಪ್ರಿಲಿನಲ್ಲಿ ನಮ್ಮಲ್ಲಿ ಆ ನೀರಿಗೇನೂ ಬರವಿಲ್ಲ.

ನೆರಳು ಬೇಕೇ, ಬಿಸಿಲು ಲೇಸೇ ಎಂಬುದು ನಮ್ಮ ಕಡೆ ಸಣ್ಣ ಪ್ರಶ್ನೆಯಲ್ಲ. ಬೇವಿನ ಮರ ಕಂಡರೆ ಸಾಕು, ಅದರಡಿಗೆ ಹೋಗಿ ನಿಲ್ಲುವುದು ನಮ್ಮೆಲ್ಲರ ಸ್ವಭಾವ. ಬೇವಿನ ಹೂವು ಉದುರುವಾಗ ವೈಪರಿನ ಕೆಳಗಿನ ಜಾಲರಿ ತುಂಬಿಕೊಂಡು ಮಳೆನೀರು ಹೋಗುವ ದಾರಿ ಕಟ್ಟುತ್ತದೆ, ಹಣ್ಣು ಬಿಡುವ ಹೊತ್ತಿಗೆ ಹಕ್ಕಿಗಳು ಮರ ತುಂಬ ಕೂರುತ್ತವೆ. ಬಿಸಿಲಿಗೆ ಮೆತ್ತಗಾದ ಬಣ್ಣ ಸಂಜೆ ತಣಿದು ಬಿಗಿಯುವಾಗ ಹಿಕ್ಕೆಯ ಅಚ್ಚು ಅದರಲ್ಲೇ ಉಳಿದುಬಿಡುತ್ತದೆ, ಆಮೇಲೆ ಏನು ಉಜ್ಜಿದರೂ ಹೋಗದು. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಮೆತ್ತನೆಯ ಬಟ್ಟೆ ಸದಾ ಇರಲಿ. ಹಿಕ್ಕೆ ಕಂಡರೆ ಒದ್ದೆ ಬಟ್ಟೆಯನ್ನು ಎರಡು ನಿಮಿಷ ಅದರ ಮೇಲೆ ಹೊದಿಸಿ, ನೆನೆದ ಮೇಲೆ ಎತ್ತಿ ತೆಗೆ. ನನ್ನನ್ನು ಕೇಳಿದರೆ ಮರಕ್ಕಿಂತ ಕಟ್ಟಡದ ನೆರಳು ಮೇಲು. ಬೆಳಿಗ್ಗೆ ನೆರಳಿದ್ದ ಜಾಗವಲ್ಲ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೆರಳು ಬೀಳುವ ಜಾಗವನ್ನು ಗುರುತಿಸಿಕೋ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿಯೇ ನಿಷೇಧಿಸಿದೆ, ಆದ್ದರಿಂದ ಅಂಗಡಿಯವನು ಏನೇ ಆಸೆ ಹುಟ್ಟಿಸಿದರೂ ಅತ್ತ ಹೋಗದೆ, ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಇಡು. ಬಂದು ಕೂತೊಡನೆ ಏಸಿ ಹಾಕುವ ಮೊದಲು ನಾಲ್ಕೂ ಕಿಟಕಿ ಇಳಿಸಿ ನೂರು ಗಜ ಹೋಗು, ಒಳಗಿನ ಕಾವು ತಾನೇ ಹೊರಬೀಳುತ್ತದೆ.

ಹೊದಿಕೆ ಹೊದಿಸಬೇಕೆ ಎಂದು ನೀನು ಕೇಳಿಯೇ ಕೇಳುತ್ತೀಯ. ಹೊರಗೆ ಬೀದಿಯಲ್ಲಿ ನಿಲ್ಲಿಸುವ ಕಾರಿಗೆ ಖಂಡಿತ ಬೇಡ. ಆಷಾಢದ ಗಾಳಿಗೆ ಹೊದಿಕೆ ರಾತ್ರಿಯಿಡೀ ಬಡಿದುಕೊಳ್ಳುತ್ತದೆ, ಒಳಗಿದ್ದ ಧೂಳು ಬಣ್ಣವನ್ನು ತಿಕ್ಕುತ್ತದೆ, ಮೇಲಾಗಿ ಬೀದಿನಾಯಿಗಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಬೇರೆಲ್ಲಿ ಸಿಗಬೇಕು!

ಇನ್ನು ಎತ್ತರ. ಗಾಡಿ ಖಾಲಿಯಿದ್ದಾಗ ನೆಲದಿಂದ 179 ಮಿಲಿಮೀಟರ್ ಎತ್ತರವಿದೆ, ಸೆಡಾನಿಗೆ ಇದು ಕಡಿಮೆಯೇನಲ್ಲ. ಆದರೆ 521 ಲೀಟರಿನ ಡಿಕ್ಕಿ ತುಂಬಿ, ಹಿಂದೆ ಮೂವರು ಕೂತು ಊರಿಗೆ ಹೊರಟಾಗ ಆ ಲೆಕ್ಕ ಉಳಿಯುವುದಿಲ್ಲ. ಊರೂರಿನ ಹಂಪುಗಳನ್ನು ಓರೆಯಾಗಿ, ಒಂದೊಂದೇ ಗಾಲಿ ಏರುವಂತೆ ದಾಟುವುದನ್ನು ಒಂದು ವಾರದಲ್ಲಿ ಕಲಿಯುತ್ತೀಯ. ನನ್ನ ಬಂಪರ್ ಹೋದದ್ದು ಹಂಪಿನಲ್ಲಲ್ಲ, ನನ್ನದೇ ಮನೆಯ ಮುಂದೆ. ಚರಂಡಿಯ ಮೇಲೆ ಹಾಸಿದ ಕಡಪ ಕಲ್ಲಿನಿಂದ ಗೇಟಿಗೆ ಏರುವ ಇಳಿಜಾರು ಹಿಂದಿನ ಕಾರಿಗೆ ಸರಿಯಾಗಿತ್ತು, ಇದರ ಮೂತಿಗೆ ಆಗಲಿಲ್ಲ. ಮುಂದಿನ ಗಾಲಿಯಿಂದ ಬಂಪರಿನ ತುದಿಯವರೆಗಿನ ಅಂತರವನ್ನು ನಾನು ಮೊದಲೇ ಅಳೆದಿದ್ದರೆ ಎರಡು ಬುಟ್ಟಿ ಕಾಂಕ್ರೀಟಿನಲ್ಲಿ ಮುಗಿಯುವ ಕೆಲಸವಾಗಿತ್ತು. ಪೇಟೆಯಲ್ಲಿ ಗಾಲಿ ತಡೆಯಲು ಇಟ್ಟ ಕಟ್ಟೆಗಳ ಕಡೆಗೆ ಮೂತಿ ಮಾಡಿ ನಿಲ್ಲಿಸಬೇಡ, ಹಿಂದಕ್ಕೆ ಹೋಗಿ ನಿಲ್ಲಿಸುವುದನ್ನು ರೂಢಿಸಿಕೋ. ನಮ್ಮ ಕಾರ್ ಸ್ಟ್ರೀಟ್‌ಗೆ ಬಂದರೆ ಹೆಸರು ನೋಡಿ ಮೋಸಹೋಗಬೇಡ, ಅದು ತೇರು ಬೀದಿ. ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ದೇವರ ದಯೆಯಿದ್ದವರಿಗೆ ಮಾತ್ರ. ನಾನು ಅರ್ಧ ಕಿಲೋಮೀಟರ್ ಆಚೆಯೇ ನಿಲ್ಲಿಸಿ, ಕನ್ನಡಿ ಮಡಚಿ, ನಡೆದು ಹೋಗುತ್ತೇನೆ. ಎರಡು ಕಾರುಗಳ ನಡುವೆ ಬೈಕು ತೂರಿಸುವವರ ಹ್ಯಾಂಡಲ್ ಯಾವ ಎತ್ತರಕ್ಕೆ ತಾಗುತ್ತದೆ ಎಂಬುದು ನನ್ನ ಎಡ ಬಾಗಿಲಿನ ಮೇಲೆ ಬರೆದಿದೆ.

ಎರೆ ಭೂಮಿಯನ್ನು ನಂಬಬೇಡ. ಸಿರುಗುಪ್ಪದ ಕಡೆ ಮದುವೆಯೊಂದಕ್ಕೆ ಹೋಗಿ, ಎಲ್ಲರೂ ನಿಲ್ಲಿಸಿದ್ದಾರೆಂದು ಹೊಲದಲ್ಲಿ ನಿಲ್ಲಿಸಿದೆ. ಊಟಕ್ಕೆ ಕೂತಾಗ ಸುರಿದ ಅರ್ಧ ತಾಸಿನ ಮಳೆಗೆ ಆ ಮಣ್ಣು ಬೆಣ್ಣೆಯಾಯಿತು, ಕಾರು ಬಾಗಿಲ ಅಂಚಿನವರೆಗೆ ಇಳಿಯಿತು. 150 ಪಿಎಸ್ ಇದ್ದು ಏನು ಬಂತು, ಟ್ರ್ಯಾಕ್ಟರೇ ಬರಬೇಕಾಯಿತು. ಬಂಪರಿನಲ್ಲಿರುವ ಸಣ್ಣ ಮುಚ್ಚಳ ತೆಗೆದು ತಿರುಪಿ ಕೂರಿಸುವ ಎಳೆಯುವ ಕೊಕ್ಕೆ ಎಲ್ಲಿದೆ ಎಂದು ಡೆಲಿವರಿಯ ದಿನವೇ ಕೇಳಿ ತಿಳಿದುಕೋ. ನಾನು ಅದನ್ನು ಮಳೆಯಲ್ಲಿ ಹುಡುಕಿದೆ. ಆಮೇಲೆ ಗಾಲಿಯ ಕಮಾನುಗಳ ಒಳಗೆ ಕಟ್ಟಿಕೊಂಡ ಎರೆ ಮಣ್ಣು ಒಣಗಿ ಕಲ್ಲಾಗುವ ಮೊದಲೇ ತೊಳೆಸಬೇಕು. ಮಳೆಯಿಲ್ಲದ ದಿನಗಳದು ಇನ್ನೊಂದು ಅಪಾಯ: ನಿಮ್ಮ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿನಲ್ಲಿ ಬಯಲುಗಳೆಲ್ಲ ಪಾರ್ಕಿಂಗ್ ಆದಾಗ, ದೂರದಿಂದ ಓಡಿ ಬಂದ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡ. ಕೆಳಗಿನ ಸೈಲೆನ್ಸರಿನ ಕಾವಿಗೆ ಹುಲ್ಲು ಹೊತ್ತಿಕೊಳ್ಳಬಲ್ಲದು.

ಭತ್ತದ ಕೊಯ್ಲು ಮುಗಿದ ಮೇಲೆ ಇಲಿಗಳು ಊರೊಳಗೆ ಬರುತ್ತವೆ, ಬೆಚ್ಚಗಿನ ಎಂಜಿನ್ನಿನ ಮೇಲೆ ಮಲಗುತ್ತವೆ, ವೈರು ಕಡಿಯುತ್ತವೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲವನ್ನೂ ಪ್ರಯತ್ನಿಸಿದ್ದೇನೆ. ಕೆಲವು ದಿನ ನಡೆಯುತ್ತದೆ, ಆಮೇಲೆ ಇಲಿಗೆ ಅಭ್ಯಾಸವಾಗುತ್ತದೆ. ಒಳಗೆ ಕೂತು ತಿನ್ನುವುದನ್ನು ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ರಾತ್ರಿ ಬಾನೆಟ್ ಎತ್ತಿಟ್ಟ ಮೇಲೆಯೇ ನನಗೆ ಕಾಟ ತಪ್ಪಿದ್ದು. ಕಾಂಪೌಂಡಿನೊಳಗೆ ನಿಲ್ಲಿಸುವವರಿಗೆ ಮಾತ್ರ ಈ ಕೊನೆಯ ಉಪಾಯ.

ಟಯರಿನ ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ನೋಡಬೇಕು. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ ಏರುತ್ತದೆ, ಆದ್ದರಿಂದ ಮಧ್ಯಾಹ್ನ ಪಂಪಿಗೆ ಹೋಗಿ ಹೆಚ್ಚಾಗಿದೆಯೆಂದು ಇಳಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಬೇಸಿಗೆಯೆಂದು ಕಡಿಮೆ ಗಾಳಿ ಹಾಕಿಸುವ ನಮ್ಮ ರೂಢಿ ತಪ್ಪು, ಗಾಳಿ ಕಡಿಮೆಯಾದ ಟಯರೇ ಹೆಚ್ಚು ಕಾಯುವುದು. 205/55 ಆರ್16 ಟಯರಿನ ಪಕ್ಕದ ಗೋಡೆ ಹನ್ನೊಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಷ್ಟೇ, ತಗ್ಗಿನಲ್ಲಿ ಇಳಿದರೆ ಪೆಟ್ಟು ನೇರ ಅಲಾಯ್ ಗಾಲಿಗೆ ಹೋಗುತ್ತದೆ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ವಿಸ್ 15,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಏರ್ ಫಿಲ್ಟರನ್ನು ಮಾತ್ರ ನಮ್ಮ ಧೂಳಿನಲ್ಲಿ ಅದಕ್ಕೂ ಮುಂಚೆ ತೆಗೆದು ನೋಡು. ಹೆದ್ದಾರಿಯಲ್ಲಿ ಜೋರಾಗಿ ಬಂದು ಥಟ್ಟನೆ ಆರಿಸದೆ ಒಂದು ನಿಮಿಷ ಟರ್ಬೊಗೆ ತಣಿಯಲು ಬಿಡು, ಆರಿಸಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಗಾಬರಿಯಾಗಬೇಡ. ನೀನು ತೆಗೆದುಕೊಂಡಿರುವುದೂ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರಿನದೇ ಆದ್ದರಿಂದ ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮವನ್ನು ಈಗಲೇ ಕಲಿ: ಬ್ರೇಕ್ ಒತ್ತಿಯೇ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ತೆಗೆದು, ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ನಿಂತ ನಂತರ ‘ಪಿ’ಗೆ (ಪಾರ್ಕ್) ಹಾಕು. ಇಲ್ಲದಿದ್ದರೆ ಇಡೀ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಹಲ್ಲಿನ ಮೇಲೆ ಬೀಳುತ್ತದೆ. ಬಂಪರಿನ ಗೀರಿಗೆಲ್ಲ ವಿಮೆ ಕೇಳಬೇಡ. ಕ್ಲೇಮ್ ಇಲ್ಲದ ಐದು ವರ್ಷಕ್ಕೆ ಸ್ವಂತ ಗಾಡಿಯ ಹಾನಿಯ ಪ್ರೀಮಿಯಮ್ಮಿನಲ್ಲಿ ಸಿಗುವ ಶೇ 50ರ ರಿಯಾಯಿತಿ ಅದಕ್ಕಿಂತ ದೊಡ್ಡದು.

ಕಾರು ಕೈಗೆ ಬರುವ ಮುನ್ನ ನಿನ್ನ ಗೇಟಿನ ಇಳಿಜಾರಿನ ಫೋಟೊ ಕಳಿಸು. ಬಂದ ಮೇಲೆ ಒಂದು ಭಾನುವಾರ 67ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಇತ್ತ ಬಾ. ನಮ್ಮ ಕಾಂಪೌಂಡಿನಲ್ಲಿ ಮಧ್ಯಾಹ್ನದ ನೆರಳು ಬೀಳುವುದು ಒಂದೇ ಕಾರಿಗೆ; ಆ ದಿನ ಅಲ್ಲಿ ನಿನ್ನದನ್ನು ನಿಲ್ಲಿಸೋಣ, ನನ್ನದು ಹೊರಗೆ ಬಿಸಿಲಿನಲ್ಲಿರಲಿ.

ನಿನ್ನ,
ಬಳ್ಳಾರಿಯ ಗೆಳೆಯ